ನೂರೆಂಟು ಉಂಡೆ ದಾರ

ಸುಳ್ಳು ಹೇಳಿದವರು ಸಿದ್ದಲಿಂಗಮ್ಮ. ಅದನ್ನು ನಿಜ ಮಾಡುವ ಕೆಲಸ ಮಾತ್ರ ಸೊಸೆ ಕಸ್ತೂರಮ್ಮನ ಕುತ್ತಿಗೆಗೆ ಬಿತ್ತು.

ಎಪ್ಪತ್ತೇಳನೆಯ ಇಸವಿ, ಕಾರ್ತಿಕ ಮಾಸ. ಸಿದ್ದಲಿಂಗಮ್ಮನ ಮಗಳು ಹಾಲಮ್ಮನನ್ನು ನೋಡಲು ಹೊನ್ನಾಳಿಯಿಂದ ಬಂದವರು ಚನ್ನಗಿರಿಯ ಆ ಮನೆಯ ನಡುಮನೆಯಲ್ಲಿ ಕುಳಿತು ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಿದ್ದರು. ಗಂಡಿನ ತಾಯಿಯ ಕಣ್ಣು ಬಾಗಿಲ ತೋರಣದ ಮೇಲೆ ಹರಿದು, ಅಲ್ಲಿಂದ ರೇಡಿಯೊಗೆ ಹೊದಿಸಿದ ಬಟ್ಟೆಯ ಮೇಲೆ ಬಂದು ನಿಂತಿತು. ಎರಡೂ ಕ್ರೋಶಾ ಕಡ್ಡಿಯಲ್ಲಿ ಹೆಣೆದವು.

“ಯಾರ ಕೈದ್ರೀ ಇದು? ಭಾಳ ಚೆಂದ ಐತೆ.”

“ಎಲ್ಲಾ ನಮ್ಮ ಹಾಲಮ್ಮಂದೇ ಕಣ್ರೀ. ಕೂತ್ರೂ ನಿಂತ್ರೂ ಕಡ್ಡಿ ಕೈಯಾಗೇ ಇರ್ತೈತೆ,” ಎಂದರು ಸಿದ್ದಲಿಂಗಮ್ಮ, ರೆಪ್ಪೆ ಕೂಡ ಮಿಟುಕಿಸದೆ.

ಹಾಲಮ್ಮ ಜನ್ಮದಲ್ಲಿ ಕ್ರೋಶಾ ಕಡ್ಡಿ ಮುಟ್ಟಿದವಳಲ್ಲ. ತೋರಣವನ್ನು ಕಸ್ತೂರಮ್ಮ ಮೂರು ವರ್ಷದ ಹಿಂದೆ ಜಗಳೂರಿನಿಂದ ಮದುವೆಯಾಗಿ ಬರುವಾಗ ತಂದಿದ್ದಳು. ರೇಡಿಯೊ ಬಟ್ಟೆಯನ್ನು ಇಲ್ಲಿಗೆ ಬಂದ ಮೇಲೆ ಹಾಕಿದ್ದಳು. ಅಡುಗೆಮನೆಯ ಬಾಗಿಲಲ್ಲಿ ಕಾಫಿ ಲೋಟದ ತಟ್ಟೆ ಹಿಡಿದು ನಿಂತಿದ್ದ ಅವಳು ಅದನ್ನು ಕೇಳಿಸಿಕೊಂಡಳು. ನಾದಿನಿಯ ಮದುವೆ ಕೂಡಿಬಂದರೆ ಒಳ್ಳೆಯದೇ ತಾನೆ ಎಂದುಕೊಂಡಳು.

“ಹಂಗಾದ್ರೆ ಮಂಚಕ್ಕೊಂದು ಹೊದಿಕೆ ಹಾಕ್ಕಂಡು ಬರಲಿ,” ಎಂದರು ಬೀಗಿತ್ತಿ. “ನಮ್ಮನೇಲಿ ಸೊಸೆ ಬಂದ ದಿನ ಅವಳ ಕೈಕೆಲಸ ಮಂಚದ ಮ್ಯಾಲೆ ಹಾಸಿ ನೆಂಟರಿಗೆಲ್ಲ ತೋರಿಸೋ ಪದ್ಧತಿ ಐತೆ.”

“ಅದಕ್ಕೇನಂತೆ!” ಎಂದರು ಸಿದ್ದಲಿಂಗಮ್ಮ. ಬಾಯಿಗೆ ಬಾಡಿಗೆ ಕೊಡಬೇಕೆ?

ಮದುವೆ ವೈಶಾಖಕ್ಕೆ ಗೊತ್ತಾಯಿತು. ಹೊನ್ನಾಳಿಯಿಂದ ಮಂಚದ ಅಳತೆಯೂ ಬಂತು. ಉದ್ದಕ್ಕೊಂದು, ಅಗಲಕ್ಕೊಂದು ಗಂಟು ಹಾಕಿದ ಹುರಿ. ಕಸ್ತೂರಮ್ಮ ಹಳೆಯದೊಂದು ಉಂಡೆ ದಾರ ತೆಗೆದು ಹೂವು ಹಾಕಲು ಕುಳಿತಳು. ಜಗಳೂರಿನ ಮಹಿಳಾ ಸಮಾಜದ ಟೀಚರಮ್ಮ ಅವಳಿಗೆ ಕಲಿಸಿದ್ದ ಮೊದಲ ಪಾಠವೇ ಅದು: ಒಂದು ಹೂವು ಹಾಕಿ ಲೆಕ್ಕ ಹೇಳಬೇಡ, ಒಂದು ಉಂಡೆ ಪೂರಾ ಮುಗಿಸಿ ಹೇಳು. ಉಂಡೆಗೆ ಮೂರು ಹೂವು ಬಂದವು. ಅವನ್ನು ಒಗೆದು, ನೆರಳಲ್ಲಿ ಒಣಗಿಸಿ, ಎಷ್ಟು ಕುಗ್ಗಿದವು ಎಂದು ನೋಡಿ, ಆಮೇಲೆ ಹುರಿಯ ಮೇಲಿಟ್ಟು ಅಳೆದಳು. ಒಂದು ಸಾಲಿಗೆ ಹದಿನಾರು ಹೂವು. ಒಂದಕ್ಕೊಂದು ಕೂಡಿಸುವ ದಾರವೂ ಸೇರಿ ಸಾಲಿಗೆ ಆರು ಉಂಡೆ. ಅಂಥ ಹದಿನೆಂಟು ಸಾಲು.

“ನೂರೆಂಟು ಉಂಡೆ ಬೇಕು ಅತ್ತೆ. ಡಬ್ಬಿಗೆ ಹನ್ನೆರಡರಂಗೆ ಒಂಬತ್ತು ಡಬ್ಬಿ.”

“ನೂರೆಂಟಾ? ನೀನು ಹೊದಿಕೆ ಹಾಕ್ತೀಯೋ, ಮಠದಾಗೆ ಕೂತು ಜಪ ಮಾಡ್ತೀಯೋ?”

ಮಾತು ಮಾವ ಮುರುಗೇಶಪ್ಪನವರ ಮುಂದೆ ಹೋಯಿತು. ಅವರದು ಚೇಣಿ ವ್ಯಾಪಾರ. ಗೊನೆ ಬಲಿಯುವ ಮೊದಲೇ ತೋಟವನ್ನೊಂದು ಸುತ್ತು ಹಾಕಿ, ಇಷ್ಟು ಕ್ವಿಂಟಲ್ ಅಡಿಕೆ ಆಗುತ್ತದೆ ಎಂದು ಕಣ್ಣಳತೆಯಲ್ಲೇ ಹೇಳಿ ಫಸಲು ಹಿಡಿಯುತ್ತಿದ್ದರು. ಕತ್ತಲಗೆರೆ ಕಡೆಯವರೆಗೂ ಅವರ ಕಣ್ಣಿಗೆ ಹೆಸರಿತ್ತು. ಆ ಹೆಸರೇ ಅವರಿಗೆ ಆಸ್ತಿ. ಮೂರು ಹೂವಲ್ಲಿ ಒಂದನ್ನು ಎತ್ತಿ ಬೆಳಕಿಗೆ ಹಿಡಿದರು.

“ನೋಡಮ್ಮ, ಇದ್ರಾಗೆ ಅರ್ಧಕ್ಕರ್ಧ ತೂತೇ ಐತೆ. ತೂತಿಗೂ ದಾರ ಬೇಕೇನು?”

ಮನೆಯವರೆಲ್ಲ ನಕ್ಕರು. ಗಂಡ ಮಹೇಶ್ವರಪ್ಪನೂ ನಕ್ಕ.

“ಹಾಕಿ ನೋಡೇ ಹೇಳಿದ್ದು ಮಾವ.”

“ನಾನು ಮೂವತ್ತು ವರ್ಷ ಚೇಣಿ ಮಾಡೀನಿ. ತೋಟದೋನು ನೂರು ಅಂದ್ರೆ ಎಂಬತ್ತು ಅಂತ ತಿಳಕಾಬೇಕು. ಕೇಳೋರ ಬಾಯಾಗೆ ಐದಕ್ಕೊಂದು ಪಾಲು ಸುಳ್ಳು ಇದ್ದೇ ಇರ್ತೈತೆ. ಏಳು ಡಬ್ಬಿ ಸಾಕು.”

“ಕಮ್ಮಿ ಬೀಳ್ತೈತೆ ಮಾವ.”

“ಬಿದ್ರೆ ತಂದ್ರಾಯ್ತು. ದಾವಣಗೆರೆ ಏನು ಕಾಶಿಯೇ?”

“ಆಮ್ಯಾಲೆ ತಂದ್ರೆ ಬಣ್ಣ ಕೂಡಲ್ಲ. ಉಂಡೆಗೆ ಸುತ್ತಿದ ಚೀಟಿ ಮ್ಯಾಲೆ ನಂಬರು ಇರ್ತೈತೆ ನೋಡ್ರಿ. ಒಂದೇ ಹಂಡೆಯಾಗೆ ಅದ್ದಿದ ದಾರಕ್ಕೆ ಒಂದು ನಂಬರು. ಮುಂದಿನ ಹಂಡೆದು ಬ್ಯಾರೇನೇ ಆಗ್ತೈತೆ.”

ಮುರುಗೇಶಪ್ಪ ಎದ್ದು ಚಪ್ಪಲಿ ಮೆಟ್ಟಿದರು. ವ್ಯಾಪಾರಕ್ಕೆ ದಾವಣಗೆರೆಗೆ ಹೋದವರು ಸಂಜೆ ಕೆನೆಬಣ್ಣದ ಏಳು ಡಬ್ಬಿ ತಂದಿಟ್ಟರು. ತೋಟದವರ ಮಾತಿನಲ್ಲಿ ಐದಕ್ಕೊಂದು ಕಳೆಯುವ ರೂಢಿಯವರು ಸೊಸೆಯ ಮಾತಿನಲ್ಲೂ ಕಳೆದರು. ಅಡುಗೆಮನೆಯಲ್ಲಿ ಸಿದ್ದಲಿಂಗಮ್ಮ ಮಗಳ ಕಿವಿಯಲ್ಲಿ, ಸೊಸೆಗೂ ಕೇಳುವಷ್ಟು ಮೆಲ್ಲಗೆ, “ಎರಡು ಡಬ್ಬಿ ಯಾತಕ್ಕೆ ಹೆಚ್ಚು ಕೇಳಿದ್ಲು ಅಂತ ನಂಗೊತ್ತು. ಜಗಳೂರಾಗೆ ತಂಗಿ ಮದುವೆಗೆ ಬಂದು ಕುಂತಾಳೆ,” ಎಂದರು.

ಕಸ್ತೂರಮ್ಮ ಆ ಚಳಿಗಾಲವನ್ನೆಲ್ಲ ಹೂವು ಹಾಕುತ್ತ ಕಳೆದಳು. ಬೆಳಿಗ್ಗೆ ನೀರು ಹೊತ್ತು, ರೊಟ್ಟಿ ತಟ್ಟಿ, ಅಡಿಕೆ ಅಂಗಡಿಗೆ ಹೋಗುವ ಮಾವನಿಗೂ ಗಂಡನಿಗೂ ಬಡಿಸಿ, ಪಾತ್ರೆ ಬೆಳಗಿ, ಬಿಸಿಲು ಜಗುಲಿಗೆ ಬರುವ ಹೊತ್ತಿಗೆ ಕಡ್ಡಿ ಹಿಡಿಯುತ್ತಿದ್ದಳು. ದಿನಕ್ಕೆ ಎರಡು ಹೂವು ಮಾಡಿಯೇ ಮೇಲೇಳುತ್ತಿದ್ದಳು. ತೋರುಬೆರಳ ತುದಿ ಒಡೆಯಿತು. ದಾರಕ್ಕೆ ಕಲೆ ಆಗಬಾರದೆಂದು ಬಟ್ಟೆಚಿಂದಿ ಸುತ್ತಿಕೊಂಡಳು. ಬೀದಿಯ ಹೆಂಗಸರು ಯಾರಾದರೂ ಒಳಗೆ ಬಂದರೆ ಸಿದ್ದಲಿಂಗಮ್ಮ ಕಡ್ಡಿಯನ್ನು ಕಸಿದು ಹಾಲಮ್ಮನ ಕೈಗೆ ತುರುಕುತ್ತಿದ್ದರು. ಹಾಲಮ್ಮ ಅದನ್ನು ಮುಳ್ಳು ತೆಗೆಯುವವಳಂತೆ ಹಿಡಿದು ಕೂರುತ್ತಿದ್ದಳು.

“ಒಂದು ಹೂವಾದ್ರೂ ಕಲಿಯೇ ಹಾಲಮ್ಮ. ಅಲ್ಲಿ ಕೇಳಿದ್ರೆ ಏನು ಮಾಡ್ತೀಯ?”

“ಅಯ್ಯೋ ಅತ್ತಿಗೆಮ್ಮ, ಒಂದ್ಸಲ ತಾಳಿ ಕಟ್ಟಿದ ಮ್ಯಾಲೆ ಯಾರು ಕೇಳ್ತಾರೆ ಬಿಡು.”

ಐದು ಸಾಲು ಮುಗಿದಾಗ ಕಸ್ತೂರಮ್ಮ ಮತ್ತೊಮ್ಮೆ ಬಾಯಿ ಬಿಟ್ಟಳು. ಮಾವ ಉಣ್ಣಲು ಕುಳಿತಿದ್ದರು. “ಐದು ಸಾಲಿಗೆ ಮೂವತ್ತು ಉಂಡೆ ಹಿಡೀತು ಮಾವ. ನಾನು ಹೇಳಿದ ಲೆಕ್ಕಾನೇ. ಈಗ್ಲೇ ಹೋದ್ರೆ ಅದೇ ನಂಬರಿನ ದಾರ ಅಂಗಡೀಲಿ ಇನ್ನೂ ಇರ್ತೈತೆ.”

“ಮೊದಮೊದ್ಲು ಕೈ ಬಿಗಿ ಇರ್ತೈತೆ. ಬರ್ತಾ ಬರ್ತಾ ಸಡಿಲ ಆಗ್ತೈತೆ. ಇನ್ನೊಂದು ಮುದ್ದೆ ಹಾಕು,” ಎಂದರು ಮುರುಗೇಶಪ್ಪ. ಮುದ್ದೆ ಹಾಕಿದಳು.

ಯುಗಾದಿಗೆ ತವರಿಗೆ ಕಳಿಸಿದರು, ಎಂಟೇ ದಿನಕ್ಕೆ. “ಅಲ್ಲೂ ಕೈ ಖಾಲಿ ಬಿಡಬ್ಯಾಡ,” ಎಂದು ಸಿದ್ದಲಿಂಗಮ್ಮ ತಾವೇ ಒಂದು ಡಬ್ಬಿ ದಾರವನ್ನು ಎಣಿಸಿ ಚೀಲಕ್ಕೆ ಹಾಕಿದರು. ಅವ್ವ ದ್ಯಾಮಮ್ಮ ಒಬ್ಬಟ್ಟು ಬೇಯಿಸುವಾಗ ಮಗಳು ಪಕ್ಕದಲ್ಲಿ ಹೂವು ಹಾಕುತ್ತ ಕುಳಿತಳು. “ಹಬ್ಬದ ದಿನಾನಾದ್ರೂ ಬಿಡೇ,” ಎಂದು ಅವ್ವ ಗದರಿದರೂ ಬಿಡಲಿಲ್ಲ. ಮರಳುವಾಗ ಎರಡು ಸಾಲಿಗಾಗುವಷ್ಟು ಹೂವು, ಹನ್ನೆರಡು ಉಂಡೆಯ ಹನ್ನೆರಡು ಚೀಟಿ, ಅವ್ವ ಕೊಟ್ಟ ಶೇಂಗಾ ಚಟ್ನಿಪುಡಿ ಚೀಲದಲ್ಲಿದ್ದವು.

ಮದುವೆಗೆ ಇಪ್ಪತ್ತೆರಡು ದಿನ ಇರುವಾಗ, ಹದಿನಾಲ್ಕನೆಯ ಸಾಲಿನ ಕೊನೆಯ ಹೂವಿಗೆ, ಏಳನೆಯ ಡಬ್ಬಿಯ ಕೊನೆಯ ಉಂಡೆ ಮುಗಿಯಿತು. ಕಸ್ತೂರಮ್ಮ ಹೊದಿಕೆಯನ್ನು ನಡುಮನೆಯಲ್ಲಿ ಹರಡಿದಳು. ನಾಲ್ಕು ಸಾಲಿನ ಜಾಗ ಖಾಲಿ.

“ದಾರ ಮುಗೀತು ಅತ್ತೆ.”

ಸಿದ್ದಲಿಂಗಮ್ಮ ಸುತ್ತ ಒಂದು ಸಲ ನಡೆದು ನೋಡಿದರು. “ನಮ್ಮನೆಯೋರ ಅಂದಾಜು ಇವತ್ತಿಗೂ ತಪ್ಪಿಲ್ಲ. ಎರಡು ಡಬ್ಬಿ ಎಲ್ಲಿಗೆ ಹೋಯ್ತು?”

“ಎಲ್ಲಿಗೂ ಹೋಗಿಲ್ಲ. ತಂದೇ ಇಲ್ವಲ್ಲ. ಮೊದಲೇ ಹೇಳಿದ್ದೆ.”

“ಯುಗಾದಿಗೆ ಹೋದಾಗ ಚೀಲ ಎಷ್ಟು ಉಬ್ಬಿತ್ತು ಅಂತ ನಾನು ನೋಡೀನಿ.”

ಕಸ್ತೂರಮ್ಮ ಒಳಗೆ ಹೋಗಿ ಬಿಸ್ಕತ್ತಿನ ತಗಡಿನ ಡಬ್ಬಿ ತಂದು ಸುರಿದಳು. ಎಂಬತ್ತನಾಲ್ಕು ಉಂಡೆಯ ಎಂಬತ್ತನಾಲ್ಕು ಚೀಟಿ.

“ಚೀಟಿ ಇದ್ರೆ ಉಂಡೆ ಇತ್ತು ಅಂತ ಆಯ್ತು. ಉಂಡೆ ಎಲ್ಲಿಗೆ ಹೋಯ್ತು ಅಂತ ಚೀಟಿ ಹೇಳ್ತೈತೇನೇ?” ಎಂದರು ಸಿದ್ದಲಿಂಗಮ್ಮ. ಸೊಸೆಯ ಟ್ರಂಕನ್ನು ತಾವೇ ಎಳೆದು ಬಿಚ್ಚಿದರು. ಸೀರೆ ಕೊಡವಿದರು, ತಳದ ಪೇಪರು ಕೂಡ ಎತ್ತಿ ನೋಡಿದರು. ಒಂದು ಎಳೆ ದಾರವೂ ಸಿಗಲಿಲ್ಲ. ಸಿಗದಿದ್ದುದೇ ಇನ್ನೂ ದೊಡ್ಡ ಸಾಕ್ಷಿಯಾಯಿತು. ಕದ್ದವಳು ಮನೆಯಲ್ಲೇ ಇಡುತ್ತಾಳೆಯೆ? ಆಗಲೇ ಸಾಗಿಸಿದ್ದಾಳೆ.

ಮಧ್ಯಾಹ್ನ ಗಂಡಸರು ಊಟಕ್ಕೆ ಬಂದರು. ಕಸ್ತೂರಮ್ಮ ಬಡಿಸುವುದನ್ನು ಬಿಟ್ಟು ಹೊದಿಕೆಯನ್ನು ಮಡಿಸಿ ಮಾವನ ಮುಂದಿಟ್ಟಳು. ಮದುವೆಯಾದ ಮೇಲೆ ಅವರೆದುರು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು.

“ಉಂಡೆಗೆ ಇಪ್ಪತ್ತು ಗ್ರಾಂ, ಚೀಟಿ ಮ್ಯಾಲೆ ಅಚ್ಚು ಹಾಕ್ಯಾರೆ. ಎಂಬತ್ತನಾಲ್ಕಕ್ಕೆ ಒಂದು ಕೆಜಿ ಆರ್ನೂರಾ ಎಂಬತ್ತು ಗ್ರಾಂ ಬರಬೇಕು. ಅಂಗಡೀಲಿ ಅಡಿಕೆ ಮಾದರಿ ತೂಗೋ ತಕ್ಕಡಿ ಐತಲ್ಲ, ಅದ್ರಾಗೆ ತೂಗ್ರಿ ಮಾವ. ಒಂದು ಉಂಡೆ ಕಮ್ಮಿ ಬಂದ್ರೂ ಇವತ್ತೇ ನನ್ನ ಜಗಳೂರು ಬಸ್ ಹತ್ತಿಸಿಬಿಡ್ರಿ.”

ಮುರುಗೇಶಪ್ಪನವರಿಗೆ ಲೆಕ್ಕ ತಿಳಿಯದೆ ಇರಲಿಲ್ಲ. ಮೂವತ್ತು ವರ್ಷ ತಕ್ಕಡಿ ಹಿಡಿದವರು. ತೂಕ ಸರಿ ಬಂದರೆ ಸೊಸೆ ಕಳ್ಳಿಯಲ್ಲ ಎಂದಾಗುತ್ತದೆ, ತಮ್ಮ ಕಣ್ಣು ತಪ್ಪಿತು ಎಂದೂ ಆಗುತ್ತದೆ. ಹೊದಿಕೆಯನ್ನು ಮುಂಗೈಯಿಂದ ಪಕ್ಕಕ್ಕೆ ಸರಿಸಿದರು.

“ಹೆಣ್ಣುಮಕ್ಕಳ ಜಗಳಕ್ಕೆಲ್ಲ ನನ್ನ ಅಂಗಡಿ ತಕ್ಕಡಿ ಬರಲ್ಲಮ್ಮ. ಊಟಕ್ಕೆ ಬಡಿಸು.”

ಕಸ್ತೂರಮ್ಮ ಗಂಡನ ಮುಖ ನೋಡಿದಳು. ಮಹೇಶ್ವರಪ್ಪ ಮುದ್ದೆಯಲ್ಲಿ ಏನೋ ಕಲ್ಲು ಸಿಕ್ಕಿದವನಂತೆ ಅದನ್ನೇ ಮುರಿಮುರಿದು ನೋಡುತ್ತಿದ್ದ.

ಮೂರನೆಯ ದಿನ ಮುರುಗೇಶಪ್ಪ ಜಗಳೂರಿಗೆ ಒಂದು ಕಾರ್ಡು ಬರೆದರು. ಬಹಳ ಮರ್ಯಾದೆಯ ಕಾರ್ಡು. “ಎರಡು ಡಬ್ಬಿ ದಾರ ಕಡಿಮೆ ಬಿದ್ದಿದೆ. ಯುಗಾದಿಗೆ ಬಂದಾಗ ಮರೆತು ತಮ್ಮಲ್ಲಿ ಉಳಿದಿದ್ದರೆ ದಯವಿಟ್ಟು ಕಳಿಸಿಕೊಡುವುದು.” ದ್ಯಾಮಮ್ಮನಿಗೆ ಓದು ಬಾರದು. ಅಂಚೆಯವನು ಜಗುಲಿಯಲ್ಲಿ ನಿಂತು, ಅಕ್ಕಪಕ್ಕದವರೆಲ್ಲ ಕೇಳುವಂತೆ ಓದಿ ಹೇಳಿದ.

ವಾರ ಕಳೆಯುವುದರೊಳಗೆ ದ್ಯಾಮಮ್ಮ ಚನ್ನಗಿರಿ ಬಸ್ಸಿಳಿದಳು. ಸೆರಗಿನಡಿಯ ಕೈಚೀಲದಲ್ಲಿ ಎರಡು ಡಬ್ಬಿ ದಾರ. ನಡುಮನೆಗೆ ಬಂದವಳು ಕೂರಲೂ ಇಲ್ಲ, ನೀರೂ ಮುಟ್ಟಲಿಲ್ಲ. ಡಬ್ಬಿಗಳನ್ನು ಸಿದ್ದಲಿಂಗಮ್ಮನ ಮುಂದಿಟ್ಟಳು.

“ಹುಡುಗಿ ಏನಾರ ತಪ್ಪು ಮಾಡಿದ್ರೆ ಹೊಟ್ಟೆಗೆ ಹಾಕ್ಕಳ್ರಿ ಅಕ್ಕಾರೆ.”

“ಅಯ್ಯೋ, ಅದಕ್ಯಾಕೆ ಅಷ್ಟು ದೂರದಿಂದ ಬರಾಕೆ ಹೋದ್ರಿ? ಮಕ್ಕಳು ಅಂದ್ಮ್ಯಾಲೆ ಕೈತಪ್ಪು ಆಗ್ತೈತೆ,” ಎಂದು ಸಿದ್ದಲಿಂಗಮ್ಮ ಡಬ್ಬಿಗಳನ್ನು ಬೀರುವಿಗೆ ಸೇರಿಸಿ ಬೀಗ ಹಾಕಿದರು. ಗೆದ್ದವರ ದೊಡ್ಡತನ ಮುಖದಲ್ಲಿ ಕಾಣುತ್ತಿತ್ತು.

ಹಿತ್ತಲಲ್ಲಿ ಕಸ್ತೂರಮ್ಮ ತಾಯಿಯ ರಟ್ಟೆ ಹಿಡಿದಳು. “ಏನು ಮಾಡಿಬಿಟ್ಟೆ ಅವ್ವ? ನಾನು ತಗಂಡಿಲ್ಲ!”

“ತಗಂಡಿಲ್ಲ ಅಂತ ನಂಗೊತ್ತು. ನಂಗೆ ಗೊತ್ತಿದ್ರೆ ಆಯ್ತೇನು? ನಿನ್ನ ಇಟ್ಕಳೋರು ಅವರಲ್ವಾ.”

“ನೀನು ತಂದುಕೊಟ್ಯಲ್ಲ, ಇನ್ನು ಸಾಯೋವರ್ಗೂ ನಾನು ಕಳ್ಳೀನೇ. ದುಡ್ಡು ಎಲ್ಲಿಂದ ತಂದೆ?”

“ಬಿತ್ತನೆಗೆ ಇಟ್ಟಿದ್ದ ಶೇಂಗಾ ಇತ್ತಲ್ಲ,” ಎಂದಳು ದ್ಯಾಮಮ್ಮ, ಮುಖ ಬೇರೆ ಕಡೆ ತಿರುಗಿಸಿ. ಮಗಳು ಎಷ್ಟು ಹೇಳಿದರೂ ಉಣ್ಣದೆ ನಾಲ್ಕು ಗಂಟೆಯ ಬಸ್ಸಿಗೆ ಹೊರಟುಹೋದಳು.

ಹೊಸ ದಾರದ ನಂಬರು ಬೇರೆ. ಡಬ್ಬಿಯಲ್ಲಿದ್ದಾಗ ಅದೂ ಕೆನೆಯಂತೆಯೇ ಕಂಡಿತು. ಹಳೆಯದರ ಪಕ್ಕಕ್ಕೆ ಬಂದಾಗ ಹಳದಿಗೆ ತಿರುಗಿದ ಬೆಣ್ಣೆಯ ಬಣ್ಣ. ಕಸ್ತೂರಮ್ಮ ಹದಿನೈದು ದಿನ ಮನೆಕೆಲಸದ ಜೊತೆಗೆ ದಿನಕ್ಕೆ ನಾಲ್ಕು ಐದು ಹೂವಿನಂತೆ ಹಾಕಿ ನಾಲ್ಕು ಸಾಲು ಕೂಡಿಸಿದಳು. ಇಪ್ಪತ್ತನಾಲ್ಕು ಉಂಡೆಯಲ್ಲಿ ಒಂದು ಮೊಳ ದಾರವೂ ಉಳಿಯಲಿಲ್ಲ. ಹೇಳಿದ ನೂರೆಂಟಕ್ಕೆ ನೂರೆಂಟೂ ಹಿಡಿಯಿತು. ಆ ಮನೆಯಲ್ಲಿ ಅದನ್ನು ಕೂಡಿಸಿ ನೋಡುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಕೂಡುವುದು ಬಾರದವರಲ್ಲ ಯಾರೂ.

ಮದುವೆಯಾಯಿತು. ಹೊನ್ನಾಳಿಯ ಮನೆಯಲ್ಲಿ ಹೊದಿಕೆಯನ್ನು ಮಂಚದ ಮೇಲೆ ಹಾಸಿದರು. ನೆಂಟರ ಹೆಂಗಸರು ಸುತ್ತ ನೆರೆದರು. ಹೂವು ಚೆಂದವೆಂದರು, ಅಂಚು ಚೆಂದವೆಂದರು, ಆಮೇಲೆ ಒಬ್ಬಾಕೆ ಕಾಲ್ದೆಸೆಯ ನಾಲ್ಕು ಸಾಲಿನ ಮೇಲೆ ಬೆರಳಿಟ್ಟಳು.

“ಇದ್ಯಾಕೆ ಬಣ್ಣ ಬ್ಯಾರೆ ಐತೆ?”

ಹಾಲಮ್ಮ ನೆಲ ನೋಡಿದಳು. ಸಿದ್ದಲಿಂಗಮ್ಮ ಬೀಗಿತ್ತಿಯ ಕಡೆಗೆ ಬಗ್ಗಿ ದನಿ ತಗ್ಗಿಸಿದರು. ಆದರೂ ಬಾಗಿಲಲ್ಲಿ ಕುಂಕುಮದ ತಟ್ಟೆ ಹಿಡಿದಿದ್ದ ಕಸ್ತೂರಮ್ಮನಿಗೆ ಒಂದೊಂದು ಮಾತೂ ಕೇಳಿಸಿತು. “ಏನು ಹೇಳ್ಲಿ ಅಕ್ಕಾರೆ, ದಾರ ಮನೇಲೇ ಕಳುವಾಯ್ತು. ಹುಡುಗಿ ಪಾಪ ಅತ್ಕಂತ ಮತ್ತೆ ಹಾಕಿದ್ಲು. ಹೊರಗಿನೋರಾದ್ರೆ ಹಿಡಿದು ಕೇಳಬಹುದಿತ್ತು.” ಹೆಂಗಸರ ಕಣ್ಣು ಒಂದೊಂದಾಗಿ ಬಾಗಿಲ ಕಡೆ ತಿರುಗಿದವು. ಬೀಗಿತ್ತಿ ತಮ್ಮ ಪಕ್ಕದಲ್ಲಿದ್ದ ಬೆಳ್ಳಿ ಬಟ್ಟಲನ್ನು ತೆಗೆದು ಮಡಿಲಲ್ಲಿಟ್ಟುಕೊಂಡರು. ಕಸ್ತೂರಮ್ಮ ಕುಂಕುಮದ ತಟ್ಟೆಯನ್ನು ಮೆಲ್ಲಗೆ ಹೊಸಿಲ ಮೇಲಿಟ್ಟು ಹೊರಗೆ ಬಂದಳು.

ಮರುದಿನ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೇ ಮುಂಚಿನ ಬಸ್ಸಿಗೆ ಊರಿಗೆ ಹೊರಟರು. ಅರ್ಧ ದಾರಿ ಸವೆದ ಮೇಲೆ ಮಹೇಶ್ವರಪ್ಪ ಕಡಲೆಕಾಯಿ ಪೊಟ್ಟಣ ಅವಳ ಕಡೆ ಚಾಚಿದ.

“ಇನ್ನೂ ಸಿಟ್ಟೈತೇನೆ? ಯಾರು ಏನಾರ ಅಂದ್ಕಳ್ಳಿ, ನಂಗಂತೂ ನಿನ್ನ ಮ್ಯಾಲೆ ಅನುಮಾನ ಇಲ್ಲ. ನಾನೇ ಹೊದಿಕೆ ಅಂಗಡಿಗೆ ತಗಂಡು ಹೋಗಿ ತೂಗಿದ್ದೆ. ಒಂದು ಕೆಜಿ ಆರ್ನೂರಾ ಎಂಬತ್ತು. ನೀನು ಹೇಳಿದಂಗೇ ಇತ್ತು ಕಣೆ.”

“ಯಾವತ್ತು?”

“ಅದೇ, ಜಗಳ ಆದ ಮಾರನೇ ದಿನ. ನೀನು ಬಟ್ಟೆ ಒಗೆಯಾಕೆ ಹೋಗಿದ್ದೆ.”

ಮಾವ ಕಾರ್ಡು ಬರೆದದ್ದು ಅದಾದ ಮೇಲೆ. ಅದನ್ನು ಅಂಚೆ ಡಬ್ಬಿಗೆ ಹಾಕಿ ಬಂದವನೂ ಇವನೇ.

“ಅನುಮಾನ ಇಲ್ಲದಿದ್ರೆ ಯಾಕ್ರೀ ತೂಗಿದ್ರಿ?”

ಮಹೇಶ್ವರಪ್ಪ ಕಿಟಕಿಯಾಚೆ ನೋಡಿದ. “ಸುಮ್ನೆ… ಒಂದ್ಸಲ ನೋಡಿಬಿಡಣ ಅಂತ.”

“ನೋಡಿದ ಮ್ಯಾಲೆ ಯಾಕೆ ಹೇಳಲಿಲ್ಲ?”

“ಅಪ್ಪನ ಎದುರಿಗೆ ಹೆಂಗೆ ಹೇಳಾಕಾಗ್ತೈತೆ? ಅವರ ಕಣ್ಣಳತೆ ನಂಬ್ಕಂಡು ವ್ಯಾಪಾರ ನಡೀತೈತೆ. ಸೊಸೆ ಮುಂದೆ ತಪ್ಪಿತು ಅಂದ್ರೆ ಹೆಂಗೆ?”

“ನಮ್ಮವ್ವ ಬಿತ್ತನೆ ಶೇಂಗಾ ಮಾರಿದ್ಲು.”

“ಅದನ್ನ ಮುಂದೆ ಹೆಂಗಾರ ಮಾಡಿ ಸರಿ ಮಾಡಣ ಬಿಡು.”

“ನೀವು ಏನೂ ಸರಿ ಮಾಡಬ್ಯಾಡ್ರಿ,” ಎಂದಳು ಕಸ್ತೂರಮ್ಮ. “ನಾಳೆ ಎಲ್ಲಾರೂ ಉಣ್ಣಾಕೆ ಕೂತಾಗ, ಮಾವ ಅತ್ತೆ ಮುಂದೆ, ಆ ತೂಕ ಎಷ್ಟು ಅಂತ ಹೇಳ್ರಿ. ನಂಗೆ ಅಷ್ಟೇ ಸಾಕು.”

“ಆಯ್ತು, ಹೇಳ್ತೀನಿ,” ಎಂದ ಮಹೇಶ್ವರಪ್ಪ. ಅವನು ಹಾಗೆಂದಾಗ ಅವಳು ನಂಬಿದಳು. ನಂಬದೆ ಬದುಕುವ ದಾರಿ ಅವಳಿಗೆ ಗೊತ್ತಿರಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಎಲ್ಲರೂ ಸಾಲಾಗಿ ಕುಳಿತರು. ಕಸ್ತೂರಮ್ಮ ಮುದ್ದೆ ಇಟ್ಟು, ಅವರೆಕಾಳಿನ ಸಾರು ಬಿಟ್ಟು, ಸೌಟು ಹಿಡಿದೇ ಗಂಡನ ಎದುರು ನಿಂತಳು. ಮುರುಗೇಶಪ್ಪ ಮದುವೆಯ ಖರ್ಚಿನ ಮಾತಾಡುತ್ತಿದ್ದರು. ಅವರ ಮಾತು ನಿಂತಾಗ ಮಹೇಶ್ವರಪ್ಪ ತಲೆಯೆತ್ತಿ ಹೆಂಡತಿಯನ್ನು ನೋಡಿದ, ಅಪ್ಪನನ್ನು ನೋಡಿದ, ಕೆಮ್ಮಿದ.

“ಏನೋ?” ಎಂದರು ಮುರುಗೇಶಪ್ಪ.

“ಏನಿಲ್ಲಪ್ಪ. ಸಾರಿಗೆ ಉಪ್ಪು ಒಂಚೂರು ಕಮ್ಮಿ ಆಗೈತೆ.”

“ಹೂಂ, ನಂಗೂ ಹಂಗೇ ಅನ್ನಿಸ್ತು,” ಎಂದರು ಸಿದ್ದಲಿಂಗಮ್ಮ, ಇನ್ನೂ ಬಾಯಿಗೇ ಇಡದವರು.

ಕಸ್ತೂರಮ್ಮ ಒಳಗೆ ಹೋಗಿ ಉಪ್ಪಿನ ಭರಣಿ ತಂದು ಗಂಡನ ತಟ್ಟೆಯ ಪಕ್ಕದಲ್ಲಿಟ್ಟಳು. “ಎಷ್ಟು ಬೇಕೋ ನೀವೇ ಹಾಕ್ಕಳ್ರಿ. ನನ್ನ ಅಳತೆ ಈ ಮನೇಲಿ ನಡೆಯಲ್ಲ,” ಎಂದಳು.

ಎಲ್ಲರೂ ನೋಡುತ್ತಿದ್ದರು. ಮಹೇಶ್ವರಪ್ಪ ಭರಣಿಗೆ ಕೈಹಾಕಿ ಒಂದು ಚಿಟಿಕೆ ತೆಗೆದ. ಅಪ್ಪ ಇನ್ನೂ ತನ್ನ ಕಡೆಗೇ ನೋಡುತ್ತಿರುವುದು ಕಂಡು ಇನ್ನೊಂದು ಚಿಟಿಕೆ ತೆಗೆದ. ಸಾರಿನ ಉಪ್ಪು ಮೊದಲೇ ಸರಿಯಾಗಿತ್ತು. ಅವನು ಎರಡೂ ಚಿಟಿಕೆಯನ್ನು ಹಾಕಿ ಕಲಸಿಕೊಂಡು, ತಟ್ಟೆಯಲ್ಲಿದ್ದುದನ್ನೆಲ್ಲ ಉಂಡು ಮುಗಿಸಿದ.